ಬುಗುರಿ, ದಾರ, ಒಂದು ಟವೆಲ್ಲು

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ನಮ್ಮಮ್ಮ ಹೇಳುತ್ತಿದ್ದರು. ಅದು ಅರ್ಧ ಸತ್ಯ. ಕೋಪದಷ್ಟೇ ಬೇಗ ಸಂತೋಷವೂ ಬರುತ್ತಿತ್ತು, ಬಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಟೀಚರ್ ಕೆಲಸದ ಆರ್ಡರು ಕೈಗೆ ಬಂದ ದಿನ ರಾಮನಗರದ ನಮ್ಮ ವಠಾರದಲ್ಲಿ ಒಂದು ಬಾಗಿಲನ್ನೂ ಬಿಡದೆ ತಟ್ಟಿ ಹೇಳಿದ್ದೆ. ಹಿಂದಿನ ವಾರವಷ್ಟೇ ಜಗಳವಾಡಿ ಮಾತು ಬಿಟ್ಟಿದ್ದವರ ಬಾಗಿಲನ್ನೂ ತಟ್ಟಿದ್ದೆ. ಆಗ ನನಗೆ ಇಪ್ಪತ್ತೆರಡು. ಮೈಸೂರು ರಸ್ತೆ ಇನ್ನೂ ಒಂಟಿ ರಸ್ತೆ, ಎರಡೂ ಕಡೆ ಹುಣಸೆ ಮರ, ಬಸ್ಸಿನಲ್ಲಿ ಸೀಟು ಸಿಕ್ಕರೆ ಅದೇ ಒಂದು ಸುದ್ದಿ.

ಶಾಲೆ ಚನ್ನಪಟ್ಟಣದ ಅಂಚಿನಲ್ಲಿತ್ತು. ಎರಡೇ ಕೋಣೆ. ಒಂದರಲ್ಲಿ ಹೆಡ್ ಮೇಷ್ಟ್ರು ಮೂರು ಮತ್ತು ನಾಲ್ಕನೇ ತರಗತಿ ನೋಡಿಕೊಳ್ಳುತ್ತಿದ್ದರು, ಇನ್ನೊಂದರಲ್ಲಿ ನಾನು ಒಂದು ಮತ್ತು ಎರಡನೆಯದು. ಒಂದು ಪಕ್ಕ ಬೊಂಬೆ ಮಾಡುವವರ ಬೀದಿ, ಇನ್ನೊಂದು ಪಕ್ಕ ರಾಗಿ ಹೊಲ, ಹಿಪ್ಪುನೇರಳೆ ತೋಟ. ಬೀದಿ ಕಡೆಯಿಂದ ಅರಗು ಬಿಸಿಯಾದ ವಾಸನೆ ಬರುತ್ತಿತ್ತು, ಹೊಲದ ಕಡೆಯಿಂದ ಗೊಬ್ಬರದ್ದು. ಮಕ್ಕಳೂ ಹಾಗೆಯೇ, ಅರ್ಧ ಆ ಕಡೆಯವು, ಅರ್ಧ ಈ ಕಡೆಯವು. ಬೀದಿಯ ಮಕ್ಕಳು ಮನೆಯಲ್ಲಿ ಉರ್ದು ಆಡುತ್ತಿದ್ದವು. ಹೊಲದ ಮಕ್ಕಳು ಕನ್ನಡವನ್ನು ಎತ್ತಿಗೆ ಕೇಳಿಸಬೇಕೆಂಬಂತೆ ಆಡುತ್ತಿದ್ದವು.

ನಾನು ಹೇಳಬೇಕಾದದ್ದು ಇಬ್ಬರು ಹುಡುಗಿಯರ ವಿಷಯ. ಒಬ್ಬಳು ಬೊಂಬೆ ಮಾಡುವವರ ಮಗಳು. ಎರಡನೇ ವರ್ಷವೂ ಒಂದನೇ ತರಗತಿಯಲ್ಲೇ ಕೂತಿದ್ದಳು. ಬೆರಳ ಸಂದಿಯಲ್ಲಿ ಸದಾ ಹಳದಿಯೋ ಕೆಂಪೋ ಬಣ್ಣ. ಜೂನಿನಲ್ಲಿ ಒಂದೇ ಒಂದು ಸಲ ನನ್ನ ಮುಂದೆ ಬಾಯಿಬಿಟ್ಟು ಓದಿದ್ದಳು. ಅವಳ ಉರ್ದು ಧಾಟಿಯ ಕನ್ನಡಕ್ಕೆ ಇಡೀ ತರಗತಿ ಗೊಳ್ಳೆಂದಿತು. ನನಗೂ ನಗು ತಡೆಯಲಾಗಲಿಲ್ಲ, ಓದಿದ್ದು ಸರಿಯೋ ತಪ್ಪೋ ಕಿವಿಗೆ ಬೀಳಲೇ ಇಲ್ಲ. ಮಾರನೇ ದಿನದಿಂದ ಅವಳನ್ನು ಓದಲು ಎಬ್ಬಿಸಿದರೆ ಕಂಬದ ಹಾಗೆ ನಿಲ್ಲುತ್ತಿದ್ದಳು. ನಾನು ಎರಡು ಸಲ ಕೇಳಿ, ಮೂರನೇ ಸಲ ರೇಗಿ, ಕೂರಿಸುತ್ತಿದ್ದೆ.

ಅವಳ ಪಕ್ಕ ಕೂರುತ್ತಿದ್ದವಳು ಒಬ್ಬ ದನದ ದಲ್ಲಾಳಿಯ ಮಗಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಈ ಹುಡುಗಿ ಎರಡು ಬರಗಾಲ ದಾಟುವಂಥವಳು. ಅಪ್ಪನ ಹಳೇ ಟವೆಲ್ಲನ್ನು ಅಪ್ಪನ ಹಾಗೆಯೇ ಹೆಗಲ ಮೇಲೆ ಹಾಕಿಕೊಂಡು ಶಾಲೆಗೆ ಬರುತ್ತಿದ್ದಳು. ಬೇಡ ಅಂದೆ, ಗದರಿದೆ, ಕಿತ್ತಿಟ್ಟೆ. ಮಾರನೇ ದಿನ ಮತ್ತೆ ಹೆಗಲ ಮೇಲಿರುತ್ತಿತ್ತು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಾಠವನ್ನೂ ಗಟ್ಟಿಯಾಗಿ, ಒಂದು ಸಾಲೂ ಬಿಡದೆ ಹೇಳುತ್ತಿದ್ದಳು. ಆಗ ನಮ್ಮ ಲೆಕ್ಕದಲ್ಲಿ ಓದು ಅಂದರೆ ಕೂಗು. ಕೂಗಿದವರಿಗೆ ಬರುತ್ತದೆ, ಕೂಗದವರಿಗೆ ಬರುವುದಿಲ್ಲ. ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ನಾನೂ ಅದನ್ನೇ ನಂಬಿದ್ದೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಆ ಮಾತಾಡದ ಹುಡುಗಿಯ ಅಪ್ಪ, ಬೊಂಬೆ ಮಾಡುವ ಸಾಹೇಬರು, ಶಾಲೆಗೆ ಬಂದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವರದು ಯಾವಾಗಲೂ ತಾಳೆಗರಿಯ ಒಂದು ತುಂಡು. ಲೇತಿನ ಮೇಲೆ ತಿರುಗುವ ಬೊಂಬೆಗೆ ಅರಗಿನ ಬಣ್ಣ ಹಿಡಿಸಿದ ಮೇಲೆ ಆ ಗರಿ ಒತ್ತಿದರೇನೇ ಬಣ್ಣ ಸಮನಾಗಿ ಹರಡಿ ಹೊಳಪು ಬರುವುದು.

"ಮಿಸ್, ಎರಡು ವರ್ಸ ಆಯ್ತು," ಅಂದರು. "ನನಗಂತೂ ಕನ್ನಡ ಓದಾಕೆ ಬರಾಕಿಲ್ಲ, ಇವಳಿಗಾದ್ರೂ ಬರ್ಲಿ ಅಂತ ಹಾಕ್ದೆ. ಒಂದು ಅಕ್ಸರ ಬಾಯಿ ಬಿಡಾಕಿಲ್ಲ. ಮನೇಲಿ ಗರಿ ಹಿಡುದ್ರೆ ನನಗಿಂತ ಚೆಂದಾಗಿ ಹೊಳಪು ತರ್ತಾಳೆ. ಯಾರ್ಯಾರಿಗೆ ಏನೇನು ಬರ್ತದೋ ಅದು. ದಸರಾ ರಜಾಕ್ಕೆ ಬಿಡಿಸ್ಬಿಡ್ತೀನಿ, ಕೋಪ ಮಾಡ್ಕೋಬೇಡಿ."

ಕೋಪ ಮಾಡಿಕೊಳ್ಳಬೇಡಿ ಅಂದರೆ ನನಗೆ ತಕ್ಷಣ ಬರುತ್ತದೆ. "ಯಾರು ಹೇಳಿದ್ದು ಬರಲ್ಲ ಅಂತ? ರಜಾಕ್ಕೆ ಮುಂಚೆ ನಿಮ್ಮ ಕಣ್ಣೆದುರೇ ಓದಿಸ್ತೀನಿ. ಓದದೇ ಹೋದರೆ ನಾನೇ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಕಳಿಸ್ತೀನಿ!" ಎಂದುಬಿಟ್ಟೆ. ಪಕ್ಕದ ಕೋಣೆಯಿಂದ ಹೆಡ್ ಮೇಷ್ಟ್ರು ಇಣುಕಿ ನೋಡಿದರು. ಹುಡುಗಿ ತನ್ನ ಜಾಗದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಅಪ್ಪ ಹೋದ ಮೇಲೆ ಸ್ಲೇಟನ್ನು ಎದೆಗೆ ಅವಚಿಕೊಂಡು ಗಂಟೆ ಹೊಡೆಯುವವರೆಗೂ ಹಾಗೇ ಕೂತಿದ್ದಳು. ಆ ಸ್ಲೇಟನ್ನು ನೋಡಿದ ಮೇಲೆ ನನ್ನ ಜಂಭದ ಮಾತಿಗೆ ನನಗೇ ಭಯವಾಯಿತು. ನಾನು ಸೋತರೆ ಶಾಲೆ ಬಿಡುವವಳು ನಾನಲ್ಲವಲ್ಲ.

ಮೂರ್ನಾಲ್ಕು ವಾರ ಏನು ಮಾಡಿದರೂ ಹುಡುಗಿಯ ಬಾಯಿ ತೆರೆಯಲಿಲ್ಲ. ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಮಕ್ಕಳು ಬುಗುರಿ ಆಡುತ್ತಿದ್ದರು. ಒಬ್ಬನ ದಾರ ಕಿತ್ತುಹೋಗಿ, ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಬುಗುರಿ ಸುಮ್ಮನೆ ಮಣ್ಣಲ್ಲಿ ಬಿದ್ದಿತ್ತು. ನೋಡಿದೆ. ಅಷ್ಟೇ, ತಲೆಯೊಳಗೆ ಏನೋ ಹತ್ತಿಕೊಂಡಿತು. ಬಂದ ಬಸ್ಸನ್ನು ಬಿಟ್ಟೆ. ಮುಂದಿನದನ್ನು ಹತ್ತಿ, ರಾಮನಗರ ಬರುವವರೆಗೆ ನಿಂತುಕೊಂಡೇ ಟಿಕೆಟ್ಟಿನ ಹಿಂದೆ ಪದಗಳನ್ನು ಬರೆದೆ. ಇಳಿಯುವಷ್ಟರಲ್ಲಿ ಕತೆ ಸಿದ್ಧ. ಯಾವ ಪುಸ್ತಕವೂ ಬೇಡ! ಬುಗುರಿ ಬೊಂಬೆಬೀದಿಯದು, ದಾರ ನಮ್ಮೂರ ರೇಷ್ಮೆಯದು. ಅವೆರಡಕ್ಕೆ ಗೆಳೆತನ.

ಕತೆ ಚಿಕ್ಕದು. ಒಂದು ಬುಗುರಿ, ಒಂದು ದಾರ ಸದಾ ಜೊತೆಗೆ ಆಟ ಆಡುತ್ತಿದ್ದವು. ಒಂದು ದಿನ ಬುಗುರಿಗೆ ಜಂಭ ಬಂತು. ಕುಣಿಯುವುದು ನಾನು, ಎಲ್ಲರೂ ನೋಡುವುದು ನನ್ನನ್ನು ಅಂದಿತು. ಎಳೆದು ಬಿಡುವವಳು ನಾನು ಅಂದಿತು ದಾರ. ಜಗಳ ಆಯಿತು. ಬುಗುರಿ ಮೂಲೆ ಸೇರಿತು, ದಾರ ಮೊಳೆಗೆ ನೇತುಬಿತ್ತು. ಬುಗುರಿ ಕುಣಿಯಲಾರದೆ ಅತ್ತಿತು, ದಾರ ಎಳೆಯಲು ಏನೂ ಇಲ್ಲದೆ ಅತ್ತಿತು. ಕೊನೆಗೆ ಒಂದು ಕೈ ಬಂದು ಎರಡನ್ನೂ ಸೇರಿಸಿತು. ಹತ್ತೇ ಪದ: ಮರ, ಅರಗು, ಬುಗುರಿ, ದಾರ, ಗೆಳತಿ, ಆಟ, ಜಗಳ, ಅಳು, ಕೈ, ನಗು. ಒಂದರಲ್ಲೂ ಒತ್ತಕ್ಷರವಿಲ್ಲ.

ಹಳೇ ಮದುವೆ ಕಾಗದಗಳ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ಕೋಣೆಯ ಉದ್ದಕ್ಕೂ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಸಾಲಾಗಿ ತೂಗುಹಾಕಿದೆ. ಕತೆ ಹೇಳುತ್ತಾ ಹೇಳುತ್ತಾ ಆ ಹತ್ತರಲ್ಲಿ ಒಂದು ಪದ ಬಂದಾಗ ನಾನು ನಿಲ್ಲಿಸಬೇಕು, ಯಾರ ಸರದಿಯೋ ಅವರು ಹೋಗಿ ಅದೇ ಚೀಟಿ ಕಿತ್ತು ತರಬೇಕು. ಬಾಯಿ ಬಿಡುವ ಅಗತ್ಯವಿಲ್ಲ. ದಿನವೂ ಚೀಟಿಗಳ ಸಾಲನ್ನು ಅದಲುಬದಲು ಮಾಡುತ್ತಿದ್ದೆ. ಗೆಳೆತನದ ಕತೆಯಲ್ಲವೇ, ಅದಕ್ಕೆ ತಕ್ಕ ಹಾಗೆ ಒಂದು ಕಾನೂನನ್ನೂ ಮಾಡಿದೆ: ಯಾರೂ ಒಬ್ಬರೇ ಹೋಗುವಂತಿಲ್ಲ, ಜೊತೆಗಾರರ ಕೈ ಹಿಡಿದೇ ಹೋಗಬೇಕು. ಈ ಕಾನೂನಿನ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ಹೆಡ್ ಮೇಷ್ಟ್ರಿಗೆ ಎರಡು ಸಲ ಹೇಳಿದೆ.

ಕೋಣೆಗೆ ಜೀವ ಬಂತು. "ಬುಗುರೀ!" ಅಂದರೆ ಸಾಕು, ಬೀದಿಯ ಮಕ್ಕಳು "ಲಟ್ಟೂ, ಲಟ್ಟೂ!" ಎಂದು ಕಿರುಚುತ್ತಿದ್ದವು. ಜಗಳ ಅಂದರೆ "ಝಗಡಾ!" ಹೊಲದ ಮಕ್ಕಳಿಗೆ ಉರ್ದು ಬಂತು, ಬೀದಿಯವಕ್ಕೆ ಕನ್ನಡ. ಒಂದೊಂದು ಪದಕ್ಕೆ ಎರಡೆರಡು ಹೆಸರು ಸಿಕ್ಕ ಖುಷಿಗೆ ಚಾಪೆ ಮೇಲೆ ಯಾರೂ ಕೂರುತ್ತಲೇ ಇರಲಿಲ್ಲ. ನಾನೂ ಕೂರುತ್ತಿರಲಿಲ್ಲ.

ಮೂಕಿಯಂತಿದ್ದ ಹುಡುಗಿ? ಎರಡನೇ ವಾರ ಅವಳನ್ನು ಕರೆದೆ. ಗೆಳತಿಯ ಕೈ ಹಿಡಿದು ಎದ್ದಳು. ಇಬ್ಬರ ಕೈ ಮೇಲೆ ಆ ಟವೆಲ್ಲು ಇಳಿಬಿದ್ದಿತ್ತು. ಅರಗು ಅಂದೆ, ಅರಗು ತಂದಳು. ಅಳು ಅಂದೆ, ಅಳು ತಂದಳು. ಹತ್ತಕ್ಕೆ ಹತ್ತು! ನಾನು ಕುಣಿದೇಬಿಟ್ಟೆ. ದಲ್ಲಾಳಿಯ ಮಗಳ ಸರದಿಯಲ್ಲೂ ಹತ್ತಕ್ಕೆ ಹತ್ತು. ಅವಳಂತೂ ಚೀಟಿಗಳ ಕಡೆ ಸರಿಯಾಗಿ ನೋಡುತ್ತಲೂ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಒಂದು ಗಳಿಗೆ ತಡೆದು, ಕೈ ಹಾಕಿ ಕೀಳುತ್ತಿದ್ದಳು. ಎಂಥ ಜಾಣೆ ಎಂದುಕೊಂಡೆ. ಅವತ್ತೇ ಮಕ್ಕಳಿಗೆಲ್ಲ ಕಡಲೆ ಮಿಠಾಯಿ ಹಂಚಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಹುಟ್ಟುಗುಣ. ರಜೆಗೆ ಮುಂಚಿನ ಶನಿವಾರ ಬಂದು ನೋಡಿ ಎಂದು ಸಾಹೇಬರಿಗೆ ಹೇಳಿಕಳಿಸಿದೆ.

ಶನಿವಾರ ಬೆಳಗಿನ ಶಾಲೆ. ಸಾಹೇಬರು ತೊಳೆದ ಅಂಗಿ ಹಾಕಿಕೊಂಡು ಬಂದಿದ್ದರು, ಜೇಬಲ್ಲಿ ಗರಿ ಮಾತ್ರ ಎಂದಿನಂತೆ ಇತ್ತು. ಅವರ ಹಿಂದೆಯೇ ಕರೆಯದಿದ್ದರೂ ದಲ್ಲಾಳಿ ಬಂದರು. ಮಗಳು ಮನೆಯಲ್ಲಿ ಕೊಚ್ಚಿಕೊಂಡಿದ್ದಳಂತೆ. "ನಂ ಹುಡ್ಗಿ ಓದಾದ ಒಸಿ ನೋಡ್ಕಂಡೋಗವ ಅಂತ ಬಂದೆ ಮೇಡಮ್ಮೋರೆ," ಎಂದು ಗೋಡೆಗೊರಗಿ ನಿಂತರು. ನಾನು ಕತೆ ಶುರು ಮಾಡಿದೆ. ಬೊಂಬೆ ಹುಡುಗಿ ಗೆಳತಿಯ ಕೈ ಹಿಡಿದು ಹೋದಳು. ಹತ್ತಕ್ಕೆ ಹತ್ತು ತಂದಳು. ಸಾಹೇಬರು ಗಡ್ಡ ಸವರಿಕೊಂಡರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ನಾನೇ ಅಲ್ಲವಲ್ಲ! "ಈಗ ನಿನ್ನ ಸರದಿ," ಎಂದು ದಲ್ಲಾಳಿಯ ಮಗಳಿಗೂ ಹೇಳಿದೆ. ಅವಳು ಮೂರು ಚೀಟಿ ತಂದಿರಬೇಕು, ಅವಳಪ್ಪ ಗೋಡೆ ಬಿಟ್ಟು ಮುಂದೆ ಬಂದು ಗಹಗಹಿಸಿ ನಗತೊಡಗಿದರು.

"ಅಯ್ಯೋ ಮೇಡಮ್ಮೋರೆ! ಇವು ಓದ್ತಾ ಇಲ್ಲ, ಯಾಪಾರ ಮಾಡ್ತಾ ಅವ್ವೆ ಕಣವ್ವಾ!"

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಹೆಗಲ ಟವೆಲ್ಲು ತೆಗೆದು, ತಮ್ಮ ಎಡಗೈ ಬಲಗೈಗಳ ಮೇಲೆ ಹೊದಿಸಿ ತೋರಿಸಿದರು. ದನದ ವ್ಯಾಪಾರದಲ್ಲಿ ನಾಲ್ಕು ಜನರೆದುರು ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳಲ್ಲೇ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಅಮುಕಿದರೆ ಐದು, ಅದರ ಮೇಲೆ ಮತ್ತೆ ಬೆರಳು. "ಎಷ್ಟ್ನೇ ಚೀಟಿ ಅಂತ ಒಬ್ಬಳು ಒತ್ತಿ ಹೇಳ್ತಾವ್ಳೆ, ಇನ್ನೊಬ್ಬಳು ಎಣಿಸ್ಕಂಡು ಕೀಳ್ತಾವ್ಳೆ. ನನ್ ಮಗ್ಳು ಕಣವ್ವಾ ಕಲಿಸಿರಾದು, ಯಾರ ಹೊಟ್ಟೇಲಿ ಹುಟ್ಟವ್ಳೆ!" ಅವರಿಗೆ ಹೆಮ್ಮೆಯೋ ಹೆಮ್ಮೆ.

ನನ್ನ ತಲೆಗೆ ರಕ್ತ ಏರಿತು. ಅಂದರೆ ಬೊಂಬೆ ಹುಡುಗಿಗೆ ಏನೂ ಬರುವುದಿಲ್ಲ, ಇವಳು ಹೇಳಿಕೊಟ್ಟಿದ್ದಾಳೆ. ಹತ್ತಕ್ಕೆ ಹತ್ತು ಎಂದು ಕುಣಿದದ್ದು, ಮಿಠಾಯಿ ಹಂಚಿದ್ದು, ಎಲ್ಲ ಕಣ್ಣ ಮುಂದೆ ಬಂತು. ಹುಡುಗಿಯರ ಕೈ ಮೇಲಿದ್ದ ಟವೆಲ್ಲನ್ನು ಕಿತ್ತು ಎಸೆದೆ. ದಲ್ಲಾಳಿಯ ಮಗಳ ತೋಳು ಹಿಡಿದು ಮೂಲೆಯಲ್ಲಿ ನಿಲ್ಲಿಸಿದೆ. "ನಾಚಿಕೆ ಆಗಲ್ವಾ ಇಬ್ಬರಿಗೂ?" ಎಂದು ಕೂಗಿದ ಕೂಗಿಗೆ ಪಕ್ಕದ ಕೋಣೆಯ ಮಗ್ಗಿ ನಿಂತುಹೋಯಿತು.

ಸಾಹೇಬರು ಮಗಳ ಬಳಿ ಹೋಗಿ ಕೈ ಹಿಡಿದರು. "ಬಿಡಿ ಮಿಸ್. ಮಕ್ಕಳಲ್ವಾ. ನೀವು ಕಷ್ಟಪಟ್ರಿ, ನಾನು ನೋಡ್ದೆ," ಅಂದರು. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲೆ ಹಾಜರಿ ಪುಸ್ತಕವಿತ್ತು. ನಾನೇ ಹೊಡೆದು ಕಳಿಸುತ್ತೇನೆ ಎಂದಿದ್ದ ಹೆಸರು ಅದರಲ್ಲಿತ್ತು. ಅವರಿಬ್ಬರೂ ಬಾಗಿಲವರೆಗೆ ಹೋದರು. ಹುಡುಗಿ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಮೂಲೆಯಲ್ಲಿದ್ದ ಗೆಳತಿಯ ಕಡೆಯೇ ಕತ್ತು ತಿರುಗಿಸಿಕೊಂಡು ನಡೆದಳು.

"ಇರಿ ಸಾಬ್ರೇ, ಒಂದ್ ನಿಮ್ಸ," ಎಂದರು ದಲ್ಲಾಳಿ. ಅವರ ಮುಖದಲ್ಲಿ ನಗು ಇರಲಿಲ್ಲ. ಏನನ್ನೋ ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದರು. "ಮೇಡಮ್ಮೋರೆ, ಯಾಪಾರದಲ್ಲಿ ಹೇಳೋನ ಬೆರಳು ಆಡ್ತದೆ, ಕೇಳೋನ ಕೈಯಿ ಸುಮ್ಕಿರ್ತದೆ. ನಾನು ಈ ಕಣ್ಣಿಂದ ಎಷ್ಟು ಕೈ ನೋಡಿಲ್ಲ. ಮೊದ್ಲು ಸಾಬ್ರ ಮಗ್ಳು ಚೀಟಿ ತಂದ್ಲಲ್ಲ, ಆಗ ಟವೆಲ್ಲು ಅಲುಗ್ನೇ ಇಲ್ಲ. ನನ್ ಮಗಳು ಹೋದಾಗ್ಲೇ ಅಲುಗಿದ್ದು. ನನ್ ಮಗಳ ಕೈಯಿ ಸುಮ್ಕಿತ್ತು ಕಣವ್ವಾ. ಒತ್ತಿದ್ದು ಸಾಬ್ರ ಮಗ್ಳು."

ನಾನು ಮೂಲೆಯವಳನ್ನು ನೋಡಿದೆ. ಎರಡು ಬರಗಾಲದ ಬಾಯಿ ಈಗ ಬಿಗಿಯಾಗಿ ಮುಚ್ಚಿತ್ತು, ಕಣ್ಣಲ್ಲಿ ನೀರು ತುಂಬಿತ್ತು. "ನಂಗೆ ಓದಾಕೆ ಬರಾಕಿಲ್ಲ ಮಿಸ್," ಎಂದಳು. "ಪಾಠ ಎಲ್ಲಾ ಕೇಳಿ ಕೇಳಿ ಬಾಯಿಗ್ ಬಂದ್ಬುಟ್ಟದೆ. ಚೀಟಿ ನೋಡುದ್ರೆ ಗೊತ್ತಾಗಾಕಿಲ್ಲ. ಇವ್ಳೇ ಹೇಳ್ಕೊಡಾದು."

ಸಾಹೇಬರಿಗೆ ನಂಬಿಕೆ ಬರಲಿಲ್ಲ. ಹೇಗೆ ಬಂದೀತು, ಅವರಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ನನ್ನ ಮಾತಿನ ಬೆಲೆ ಆಗಷ್ಟೇ ಬಿದ್ದುಹೋಗಿತ್ತು. ಹತ್ತು ಪದಗಳಲ್ಲಿಲ್ಲದ ಒಂದು ಪದ ಬೇಕು, ಅವಳು ಎಲ್ಲೂ ಓದಿರದ ಪದ, ಅವಳಪ್ಪನಿಗೂ ಗೊತ್ತಾಗುವಂಥದ್ದು. ಬೋರ್ಡಿನ ಮೇಲೆ ಎರಡೇ ಅಕ್ಷರ ಬರೆದೆ. ಬಾಯಿಬಿಟ್ಟು ಹೇಳಲಿಲ್ಲ. "ಇದು ಏನು ಅಂತ ಹೇಳಬೇಡಮ್ಮ. ತೋರಿಸು, ಸಾಕು," ಎಂದೆ. ನಾನು ಅವಳನ್ನು ಅಮ್ಮ ಎಂದು ಕರೆದದ್ದು ಅದೇ ಮೊದಲು.

ಹುಡುಗಿ ಬೋರ್ಡು ನೋಡಿದಳು. ಕೋಣೆಯ ಸುತ್ತ ನೋಡಿದಳು. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. ತುದಿಗಾಲಲ್ಲಿ ನಿಂತು, ಕೈ ಚಾಚಿ, ಅವರ ಜೇಬಿನಿಂದ ತಾಳೆಗರಿಯ ತುಂಡನ್ನು ಎಳೆದು ಎತ್ತಿ ಹಿಡಿದಳು.

ನಾನು ಬರೆದದ್ದು 'ಗರಿ'.

"ಅದೇನಾ ಮಿಸ್? ಅದೇನಾ ಬರೆದಿರೋದು?" ಎಂದು ಸಾಹೇಬರು ಕೇಳಿದರು. ಅದೇ, ಅದೇ, ಅದೇ ಎಂದು ಎಷ್ಟು ಸಲ ಹೇಳಿದೆನೋ. ಅವರು ಬೋರ್ಡಿನ ಹತ್ತಿರ ಹೋಗಿ ಆ ಎರಡು ಅಕ್ಷರಗಳನ್ನು ಬೆರಳಿಂದ ಮುಟ್ಟಿ ನೋಡಿದರು. ಸೀಮೆಸುಣ್ಣ ಬೆರಳಿಗಂಟಿತು. ದಿನವೂ ಜೇಬಲ್ಲಿಟ್ಟುಕೊಂಡು ತಿರುಗಿದ ವಸ್ತು ಬರವಣಿಗೆಯಲ್ಲಿ ಹೀಗಿರುತ್ತದೆ ಎಂದು ಅವರಿಗೆ ಗೊತ್ತಾದದ್ದು ಆಗ. ಕಣ್ಣು ಒರೆಸಿಕೊಂಡರು. "ರಜಾ ಮುಗಿದ ಮೇಲೆ ಕಳಿಸ್ತೀನಿ," ಎಂದರು.

ದಲ್ಲಾಳಿ ಮಾತ್ರ ನಿಂತಲ್ಲೇ ನಿಂತಿದ್ದರು. "ಹಂಗಾರೆ ನನ್ ಮಗಳು?" ಎಂದರು. ಅಷ್ಟು ಮೆತ್ತಗಿನ ದನಿ ಅವರ ಗಂಟಲಲ್ಲಿ ಇದೆಯೆಂದು ಯಾರಿಗೂ ಗೊತ್ತಿರಲಿಕ್ಕಿಲ್ಲ. ಅಷ್ಟರಲ್ಲಿ ಬೊಂಬೆ ಹುಡುಗಿ ಮೂಲೆಗೆ ಹೋಗಿ, ಬಿದ್ದಿದ್ದ ಟವೆಲ್ಲನ್ನು ಎತ್ತಿ ಕೊಡವಿ, ಗೆಳತಿಯ ಹೆಗಲಿಗೆ ಹಾಕಿದಳು. ಕೈ ಹಿಡಿದು ಬೋರ್ಡಿನ ಮುಂದೆ ತಂದು ನಿಲ್ಲಿಸಿದಳು. ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು, ಗೆಳತಿಯ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಗೆಳತಿ "ಗ" ಎಂದಳು. ಈ ಸಲ ಬೆರಳು ಒತ್ತಿ ಎಣಿಕೆ ಹೇಳಲಿಲ್ಲ, ಅಕ್ಷರವನ್ನೇ ಹೇಳಿಕೊಟ್ಟಳು. ದಲ್ಲಾಳಿಯ ಮಗಳು ಓದು ಕಲಿತದ್ದು ಅವಳಿಂದ, ಬೇಸಿಗೆ ರಜೆಗೆ ಮುಂಚೆ. ನಾನು ಕಲಿಸಿದೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೂ ನಿಜ.

ಅಂದು ಎಲ್ಲರೂ ಹೋದ ಮೇಲೆ ಆ ಹುಡುಗಿಯರಿಬ್ಬರೇ ಚೀಟಿಗಳನ್ನು ಬಿಚ್ಚಿ ಕೊಡಲು ಉಳಿದಿದ್ದರು. ನಾನು ಚಾಪೆಯ ಮೇಲೆ ಬೊಂಬೆ ಹುಡುಗಿಯ ಪಕ್ಕ ಕೂತೆ. ಗೆಳತಿಯಿಂದ ಟವೆಲ್ಲು ಇಸಿದುಕೊಂಡು ನಮ್ಮಿಬ್ಬರ ಕೈ ಮೇಲೆ ಹೊದಿಸಿದೆ. "ಎಷ್ಟು ದಿನದಿಂದ ನಿನಗೆ ಓದಕ್ಕೆ ಬರುತ್ತೆ?" ಎಂದು ಕೇಳಿದೆ. ನನ್ನ ಕತೆ ಶುರುವಾಗಿ ಅಂದಿಗೆ ಇಪ್ಪತ್ತು ದಿನ. ಅವಳ ಪುಟ್ಟ ಕೈ ನನ್ನ ಕೈಯನ್ನು ಅಮುಕಿತು. ಐದು. ಮತ್ತೆ ಅಮುಕಿತು, ಹತ್ತು. ಹದಿನೈದು. ಇಪ್ಪತ್ತು. ಸದ್ಯ, ನನ್ನ ಕತೆಯೇ ಕಲಿಸಿತು ಎಂದು ಉಸಿರು ಬಿಟ್ಟೆ. ಅವಳು ನಿಲ್ಲಿಸಲಿಲ್ಲ. ಮತ್ತೆ ಅಮುಕಿದಳು, ಮತ್ತೆ, ಮತ್ತೆ. ಲೆಕ್ಕ ಸೆಪ್ಟೆಂಬರು ದಾಟಿತು, ಅವಳಪ್ಪ ಬಂದಿದ್ದ ಆಗಸ್ಟನ್ನು ದಾಟಿತು, ನಾನು ನಕ್ಕಿದ್ದ ಜೂನಿನ ಕಡೆಗೆ ಹೋಗುತ್ತಿತ್ತು. ನನಗೆ ನಾಚಿಕೆಯಾಯಿತು. ಅವಳು ಒತ್ತುತ್ತಲೇ ಇದ್ದಳು, ನಾನು ಎಣಿಸುವುದನ್ನು ಬಿಟ್ಟು ಸುಮ್ಮನೆ ಕೈ ಕೊಟ್ಟುಕೊಂಡು ಕೂತೆ.